ಒಬ್ಬ ಪಹಾರ್ಸ್ ಸಾಲದು



ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಕ್ರಿಕೆಟ್ಟಿನ ಮಾತಿಗೆ ಸಮನಾಗಿ ಈಗ ಫುಟ್‌ಬಾಲಿನ ಮಾತೂ ಕೇಳಿಬರುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಪ್ರೀಮಿಯರ್ ಲೀಗಿನ ತಾರೆಯರ ಹೆಸರು, ತಂಡ, ಗೋಲುಗಳ ಸಂಖ್ಯೆಯನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಅವರ ಪಟ್ಟಿಯಲ್ಲಿ ಇರಲಾರದ ಒಂದು ಹಳೆಯ ಹೆಸರನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ. ಅದು ಲಾಟ್ವಿಯಾ ದೇಶದ ಮಾರಿಯನ್ಸ್ ಪಹಾರ್ಸ್ ಅವರ ಹೆಸರು. ಆಟಗಾರರಾಗಿ ಅವರು ಈ ದೇಶದಲ್ಲಿ ಮೆಚ್ಚುಗೆ ಪಡೆದರು. ತರಬೇತುದಾರರಾಗಿ ತಮ್ಮ ದೇಶದಲ್ಲಿ ಸೋಲುಂಡರು. ಈ ಎರಡನೆಯ ಅಧ್ಯಾಯದ ಬಗ್ಗೆಯೇ ನಮ್ಮ ಮಾತು ಹೆಚ್ಚು.

ಪಹಾರ್ಸ್ ಅವರ ಸೋಲನ್ನು ಅವರೊಬ್ಬರ ಅಸಾಮರ್ಥ್ಯವೆಂದು ಓದುವುದು ತಪ್ಪೆಂಬುದು ನಮ್ಮ ಅಭಿಪ್ರಾಯ. ಹೊರದೇಶದಲ್ಲಿ ಹೆಸರು ಮಾಡಿದ ಒಬ್ಬ ವೀರನು ಮರಳಿ ಬಂದು ಎಲ್ಲವನ್ನೂ ಸರಿಪಡಿಸುವನೆಂದು ನಂಬಿ, ತಳಮಟ್ಟದಲ್ಲಿ ಕಲಿಸುವವರನ್ನು ಬೆಳೆಸದ ಸಮಾಜಕ್ಕೆ ದೊರೆಯುವ ಫಲವೇ ಅದು. ಚಿಕ್ಕ ಸಮುದಾಯಗಳೆಲ್ಲವೂ, ನಮ್ಮದೂ ಸೇರಿದಂತೆ, ಈ ಭ್ರಮೆಗೆ ಸುಲಭವಾಗಿ ಒಳಗಾಗುತ್ತವೆ.

ಪಹಾರ್ಸ್ ಅವರು 1976ರ ಆಗಸ್ಟ್ 5ರಂದು ಅಂದಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನಲ್ಲಿ ಜನಿಸಿದರು. ಆಟಗಾರರಾಗಿ ರೂಪುಗೊಂಡದ್ದು ಲಾಟ್ವಿಯಾದಲ್ಲಿ. 1991ರಲ್ಲಿ ಲಾಟ್ವಿಯಾ ಸ್ವಾತಂತ್ರ್ಯವನ್ನು ಮರಳಿ ಪಡೆದಾಗ ಅವರಿಗೆ ಹದಿನೈದು ವರ್ಷ. ಹೊಸದಾಗಿ ತಲೆಯೆತ್ತಿದ ಆ ದೇಶದ ಫುಟ್‌ಬಾಲಿನಲ್ಲಿ ರಾಜಧಾನಿ ರೀಗಾದ ಸ್ಕೋಂಟೋ ತಂಡದ್ದೇ ಏಕಾಧಿಪತ್ಯ. 1991ರಿಂದ 2004ರವರೆಗೆ ಸತತವಾಗಿ ಹದಿನಾಲ್ಕು ವರ್ಷ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ಆ ತಂಡ ಬೇರೊಬ್ಬರಿಗೆ ಬಿಟ್ಟುಕೊಡಲಿಲ್ಲ. ಅದರ ಗುರುಸ್ಥಾನದಲ್ಲಿದ್ದವರು ಅಲೆಕ್ಸಾಂಡರ್ಸ್ ಸ್ಟಾರ್ಕೋವ್ಸ್. ಸೋವಿಯತ್ ಕಾಲದಲ್ಲಿ ರೀಗಾದ ದೌಗಾವಾ ತಂಡದ ಮುನ್ನಡೆ ಆಟಗಾರರಾಗಿದ್ದ ಅವರ ಹೆಸರು ಹೊರಜಗತ್ತಿಗೆ ಅಷ್ಟಾಗಿ ತಿಳಿದಿರಲಿಲ್ಲ. ಪಹಾರ್ಸ್ ಪಳಗಿದ್ದು ಇವರ ಕೈಯಲ್ಲಿ.

1999ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೌತಾಂಪ್ಟನ್ ತಂಡ 8 ಲಕ್ಷ ಪೌಂಡ್ ತೆತ್ತು ಅವರನ್ನು ಕರೆಸಿಕೊಂಡಿತು. ಪ್ರೀಮಿಯರ್ ಲೀಗಿನಲ್ಲಿ ಆಡಿದ ಮೊದಲ ಲಾಟ್ವಿಯನ್ ಅವರೇ. ಲಾಟ್ವಿಯಾ ಆಗ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರವಾಗಿರಲಿಲ್ಲ; ಆದುದರಿಂದ ಅಲ್ಲಿಯ ಆಟಗಾರನಿಗೂ ಇಲ್ಲಿ ದುಡಿಯಲು ಪರವಾನಗಿ ಬೇಕಿತ್ತು. ವೀಸಾ ಕಾಗದಗಳ ಕಟ್ಟನ್ನು ಎದೆಗವಚಿಕೊಂಡು ಈ ದೇಶಕ್ಕೆ ಬಂದಿಳಿದ ನಮ್ಮ ಓದುಗರಿಗೆ ಆ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಸೌತಾಂಪ್ಟನ್ ತಂಡವು ಆ ವರ್ಷ ಕೆಳದರ್ಜೆಗೆ ಜಾರುವ ಅಂಚಿನಲ್ಲಿತ್ತು. ಉಳಿವು ನಿರ್ಧಾರವಾಗಬೇಕಾಗಿದ್ದ ಕೊನೆಯ ಪಂದ್ಯವು ಮೇ 16ರಂದು ಎವರ್ಟನ್ ತಂಡದ ಎದುರು ನಡೆಯಿತು. ಅದನ್ನು ಸೌತಾಂಪ್ಟನ್ 2–0ರಿಂದ ಗೆದ್ದಿತು. ಎರಡೂ ಗೋಲುಗಳು ಎರಡು ತಿಂಗಳ ಹಿಂದಷ್ಟೇ ಬಂದಿದ್ದ ಪಹಾರ್ಸ್ ಅವರವು. ಊರಿಗೆ ಊರೇ ಆ ಚಿಕ್ಕ ಮೈಕಟ್ಟಿನ ಆಟಗಾರನನ್ನು ಮನೆಮಗನಂತೆ ಸ್ವೀಕರಿಸಿತು. ಮುಂದಿನ ಸೆಪ್ಟೆಂಬರಿನಲ್ಲಿ, ಅದಾಗಲೇ ಯೂರೋಪಿನ ಚಾಂಪಿಯನ್ ಎನಿಸಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಂಗಳಕ್ಕೇ ಹೋಗಿ, ಅಂದಿನ ಶ್ರೇಷ್ಠ ರಕ್ಷಣಾ ಆಟಗಾರರಲ್ಲಿ ಒಬ್ಬರಾಗಿದ್ದ ಯಾಪ್ ಸ್ಟಾಮ್ ಅವರನ್ನು ದಾಟಿ ಅವರು ಗೋಲು ಹೊಡೆದರು. ಪಂದ್ಯ 3–3ರಲ್ಲಿ ಸಮವಾಯಿತು. 1999–2000ರ ಸಾಲಿನಲ್ಲಿ 13, ಅದರ ಮರುವರ್ಷ 9, 2001–02ರಲ್ಲಿ 14, ಹೀಗೆ ಮೂರು ವರ್ಷಗಳಲ್ಲಿ 36 ಲೀಗ್ ಗೋಲುಗಳು ಅವರ ಹೆಸರಿನಲ್ಲಿ ದಾಖಲಾದವು.

ಅದೇ ಸ್ಕೋಂಟೋ ತಂಡದಿಂದ ಬಂದ ಇಮಾಂಟ್ಸ್ ಬ್ಲೈಡೆಲಿಸ್ ಎಂಬ ಮತ್ತೊಬ್ಬ ಆಟಗಾರನೂ ಸೌತಾಂಪ್ಟನ್ ಸೇರಿದ್ದುಂಟು. ಅವರಿಗೆ ಲೀಗ್ ಪಂದ್ಯಗಳಲ್ಲಿ ಅವಕಾಶ ದೊರೆತದ್ದು ತೀರ ವಿರಳ. ಇಗೋರ್ಸ್ ಸ್ಟೆಪಾನೋವ್ಸ್ 2000ದಲ್ಲಿ ಆರ್ಸೆನಲ್ ಸೇರಿದರು. ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಆ ತಂಡ 6–1ರಿಂದ ಸೋತ ಒಂದೇ ಪಂದ್ಯದ ನೆನಪಿಗೆ ಅವರನ್ನು ಇಲ್ಲಿಯ ಅಭಿಮಾನಿಗಳು ಕಟ್ಟಿಹಾಕಿಬಿಟ್ಟರು. ವಲಸೆಯೆಂದರೆ ಹೀಗೆಯೇ. ಒಂದೇ ಊರು, ಒಂದೇ ಗುರು, ಹೆಚ್ಚುಕಡಿಮೆ ಒಂದೇ ವಯಸ್ಸು. ಒಬ್ಬನ ಕೈಹಿಡಿದ ನೆಲ ಇನ್ನೊಬ್ಬನ ಕೈಹಿಡಿಯುವುದಿಲ್ಲ. ಗೆದ್ದವನ ಕಥೆಯನ್ನು ಮಾತ್ರ ಕೇಳಿ ನಿಯಮ ರೂಪಿಸಿಕೊಳ್ಳುವವರು ಇದನ್ನು ಮರೆಯಬಾರದು.

ಆದರೆ ಪಹಾರ್ಸ್ ಅವರ ಕೈಯನ್ನೂ ಅದೃಷ್ಟ ಬಹುಕಾಲ ಹಿಡಿಯಲಿಲ್ಲ. 2002ರಿಂದಾಚೆಗೆ ಗಾಯಗಳು ಒಂದರ ಹಿಂದೊಂದು ಬಂದವು. ಮುಖ್ಯವಾಗಿ ಪಾದದ ಕೀಲು ಅವರನ್ನು ಬಿಡದೆ ಕಾಡಿತು. 2003ರಲ್ಲಿ ಸೌತಾಂಪ್ಟನ್ ತಂಡ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ಆರ್ಸೆನಲ್ ತಂಡವನ್ನು ಎದುರಿಸಿದಾಗ ಅವರು ಅಂಗಳದಲ್ಲಿರಲಿಲ್ಲ. ಮೊದಲ ಮೂರು ಪೂರ್ಣ ವರ್ಷಗಳಲ್ಲಿ 36 ಗೋಲು ಹೊಡೆದವರು ಅನಂತರದ ನಾಲ್ಕು ವರ್ಷಗಳಲ್ಲಿ ಹೊಡೆದದ್ದು ಬೆರಳೆಣಿಕೆಯಷ್ಟು. 2006ರಲ್ಲಿ ಅವರು ಸೌತಾಂಪ್ಟನ್ ತೊರೆದಾಗ ಇನ್ನೂ ಮೂವತ್ತರ ಹೊಸ್ತಿಲಲ್ಲಿದ್ದರು.

ವೈದ್ಯವೃತ್ತಿಯಲ್ಲಿರುವ ನಮಗೆ ಇಲ್ಲಿ ಒಂದು ಮಾತು ಹೇಳುವುದು ಅಗತ್ಯವೆನಿಸುತ್ತದೆ. ಪಾದದ ಕೀಲನ್ನು ಹಿಡಿದಿಡುವ ಅಸ್ಥಿರಜ್ಜುಗಳು ಒಮ್ಮೆ ಹರಿದು ಸಡಿಲಗೊಂಡರೆ ಅದೇ ಕೀಲು ಮತ್ತೆ ಮತ್ತೆ ಉಳುಕುವ ಸಂಭವ ಹೆಚ್ಚು. ಪಾದ ಎಲ್ಲಿದೆ, ಎತ್ತ ವಾಲುತ್ತಿದೆ ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ನರಗಳ ಸೂಕ್ಷ್ಮತೆಯೂ ಕುಂದುತ್ತದೆ. ಕೀಲಿನೊಳಗಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅಲ್ಲಿಯ ಗಾಯ ಚರ್ಮದ ಗಾಯದಂತೆ ಕೂಡಿಕೊಳ್ಳುವುದಿಲ್ಲ. ಎತ್ತರದ ನಿಲುವಿನಿಂದಲೋ ಭುಜಬಲದಿಂದಲೋ ಆಡುವ ಆಟಗಾರನು ಇಂಥ ಗಾಯವನ್ನು ಹೇಗೋ ತಡೆದುಕೊಂಡಾನು. ಓಡುತ್ತಿರುವಂತೆಯೇ ಥಟ್ಟನೆ ದಿಕ್ಕು ಬದಲಿಸುವುದೇ ಬಂಡವಾಳವಾಗಿರುವ ಚಿಕ್ಕ ಮೈಯ ಆಟಗಾರನಿಗೆ ಅದು ಬಂಡವಾಳಕ್ಕೇ ಬಿದ್ದ ಪೆಟ್ಟು. ಮನಸ್ಸಿನಲ್ಲಿ ಆಟ ಹಾಗೆಯೇ ಉಳಿದಿರುತ್ತದೆ; ಕಾಲು ಅರೆಕ್ಷಣ ತಡವಾಗಿ ವಿಧೇಯವಾಗುತ್ತದೆ. ಆ ಮಟ್ಟದ ಆಟದಲ್ಲಿ ಅರೆಕ್ಷಣವೆಂದರೆ ಎಲ್ಲವೂ.

ಅವರ ಶಕ್ತಿ ಕುಂದುತ್ತಿದ್ದ ಆ ವರ್ಷಗಳಲ್ಲಿಯೇ ಅವರ ದೇಶದ ಫುಟ್‌ಬಾಲ್ ತನ್ನ ಶಿಖರವನ್ನು ಮುಟ್ಟಿತು. ಸ್ಟಾರ್ಕೋವ್ಸ್ ಈಗ ರಾಷ್ಟ್ರತಂಡದ ತರಬೇತುದಾರರಾಗಿದ್ದರು. 2003ರ ಅಕ್ಟೋಬರಿನಲ್ಲಿ ಲಾಟ್ವಿಯಾ ಸ್ವೀಡನ್ನಿನ ನೆಲದಲ್ಲಿಯೇ ಸ್ವೀಡನ್ ತಂಡವನ್ನು 1–0ರಿಂದ ಸೋಲಿಸಿತು. ನವೆಂಬರಿನಲ್ಲಿ, ಅದರ ಹಿಂದಿನ ವರ್ಷ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ ಪಡೆದಿದ್ದ ಟರ್ಕಿಯನ್ನು ರೀಗಾದಲ್ಲಿ 1–0ರಿಂದ ಮಣಿಸಿ, ಇಸ್ತಾನ್‌ಬುಲ್‌ನಲ್ಲಿ 2–2ರ ಸಮಬಲ ಸಾಧಿಸಿ, ಪೋರ್ಚುಗಲ್ಲಿನಲ್ಲಿ ನಡೆಯಲಿದ್ದ 2004ರ ಯೂರೋ ಕಪ್ಪಿಗೆ ಅರ್ಹತೆ ಪಡೆಯಿತು. ಅಲ್ಲಿ ಜರ್ಮನಿಯಂಥ ದೈತ್ಯನನ್ನು ಗೋಲಿಲ್ಲದೆ ತಡೆದು ನಿಲ್ಲಿಸಿತು. ಬಾಲ್ಟಿಕ್ ದೇಶವೊಂದು ಯೂರೋ ಕಪ್ಪಿನ ಅಂತಿಮ ಸುತ್ತಿಗೆ ಹೋದದ್ದು ಅದೇ ಮೊದಲು. ಪಹಾರ್ಸ್ ತಂಡದಲ್ಲಿದ್ದರು, ಆದರೆ ಆ ಯಶಸ್ಸಿನ ಕಥಾನಾಯಕ ಮಾರಿಸ್ ವೆರ್ಪಾಕೋವ್ಸ್ಕಿಸ್ ಎಂಬ ಕಿರಿಯ ಆಟಗಾರ. ದೇಶದ ಅತ್ಯಂತ ಪ್ರಸಿದ್ಧ ಆಟಗಾರನು ಪೂರ್ಣ ಬಲದಲ್ಲಿ ಇಲ್ಲದಿದ್ದಾಗಲೇ ಆ ದೇಶ ತನ್ನ ಅತ್ಯುನ್ನತ ಸಾಧನೆಯನ್ನು ಮಾಡಿತು. ವರ್ಷಗಟ್ಟಲೆ ಒಬ್ಬ ಗುರುವಿನ ಕೆಳಗೆ ಒಟ್ಟಿಗೆ ಪಳಗಿದವರ ಕೂಟ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಎರಡನೆಯ ಅಧ್ಯಾಯ. ಸೈಪ್ರಸ್ಸಿನಲ್ಲಿ ಕೆಲಕಾಲ ಆಡಿ ಪಹಾರ್ಸ್ ತಾಯ್ನಾಡಿಗೆ ಮರಳಿದರು. ಇಂಗ್ಲೆಂಡಿನಲ್ಲಿ ಗಳಿಸಿದ ಹೆಸರಿನ ನೆರಳಿನಲ್ಲಿ ನೆಮ್ಮದಿಯಾಗಿ ಕುಳಿತಿರಬಹುದಾಗಿತ್ತು. ಅವರು ತಮ್ಮನ್ನು ಬೆಳೆಸಿದ ಸ್ಕೋಂಟೋ ತಂಡದ ತರಬೇತಿಯ ಹೊಣೆ ಹೊತ್ತರು. 2012ರಲ್ಲಿ ತಂಡ ಲಾಟ್ವಿಯಾ ಕಪ್ ಗೆದ್ದಿತು. ಆದರೆ ಅದು ಹಳೆಯ ವೈಭವದ ಸ್ಕೋಂಟೋ ಆಗಿರಲಿಲ್ಲ. ಹಣದ ಮುಗ್ಗಟ್ಟಿನಲ್ಲಿ ತೊಳಲಿ 2016ರಲ್ಲಿ ಆ ಸಂಸ್ಥೆ ದಿವಾಳಿಯೇ ಆಯಿತು. ಹದಿನಾಲ್ಕು ವರ್ಷ ಒಂದು ದೇಶದ ಆಟವನ್ನು ಆಳಿದ ತಂಡ ಹೇಳಹೆಸರಿಲ್ಲದಂತಾಯಿತು.

2013ರಲ್ಲಿ ಸ್ಟಾರ್ಕೋವ್ಸ್ ಅವರ ಸ್ಥಾನಕ್ಕೆ ಪಹಾರ್ಸ್ ಬಂದರು. ಗುರುವಿನ ಪೀಠದಲ್ಲಿ ಶಿಷ್ಯ. 75 ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದ, ಪ್ರೀಮಿಯರ್ ಲೀಗಿನಲ್ಲಿ ಮೆರೆದ ನಾಯಕನೇ ಬಂದನೆಂದು ಜನ ಬೀಗಿದರೆ ಆಶ್ಚರ್ಯವೇನು? 2014 ಮತ್ತು 2016ರಲ್ಲಿ ಬಾಲ್ಟಿಕ್ ಕಪ್ ಲಾಟ್ವಿಯಾದ ಪಾಲಾಯಿತು. ದೊಡ್ಡ ಅಂಗಳದ ಲೆಕ್ಕ ಬೇರೆ. 2016ರ ಯೂರೋ ಕಪ್ಪಿನ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಲಾಟ್ವಿಯಾ ಒಂದನ್ನೂ ಗೆಲ್ಲಲಿಲ್ಲ. ಐದು ಸಮ, ಐದು ಸೋಲು. ಗುಂಪಿನಲ್ಲಿ ಕೊನೆಯ ಸ್ಥಾನ. ಆಮ್‌ಸ್ಟರ್‌ಡ್ಯಾಮಿನಲ್ಲಿ ನೆದರ್ಲೆಂಡ್ಸ್ ಆರು ಗೋಲುಗಳಿಂದ ಸೋಲಿಸಿತು. ಆ ಐದು ಸಮಗಳಲ್ಲಿ ಟರ್ಕಿಯ ಎದುರಿನ ಎರಡು ಪಂದ್ಯಗಳೂ, ಗುಂಪಿನ ಅಗ್ರಸ್ಥಾನಿ ಚೆಕ್ ಗಣರಾಜ್ಯದ ನೆಲದಲ್ಲಿ ಸಾಧಿಸಿದ ಒಂದು ಪಂದ್ಯವೂ ಇದ್ದವೆಂಬುದನ್ನು ಯಾರೂ ಎಣಿಸಲಿಲ್ಲ. 2016ರ ಅಕ್ಟೋಬರಿನಲ್ಲಿ ಸ್ವಂತ ನೆಲದಲ್ಲಿಯೇ ಪುಟ್ಟ ಫರೋ ದ್ವೀಪಗಳ ತಂಡಕ್ಕೆ 0–2ರಿಂದ ಸೋತ ಮೇಲೆ ಸಮಾಧಾನದ ಮಾತಿಗೆ ಎಡೆಯೇ ಉಳಿಯಲಿಲ್ಲ. 2017ರಲ್ಲಿ ಪಹಾರ್ಸ್ ನಿರ್ಗಮಿಸಿದರು. ಅವರ ಜಾಗಕ್ಕೆ ಮತ್ತೆ ಬಂದವರು ಅದೇ ಸ್ಟಾರ್ಕೋವ್ಸ್.

ಈ ವೃತ್ತವನ್ನು ಗಮನಿಸಬೇಕೆಂದು ಓದುಗರನ್ನು ಕೋರುತ್ತೇವೆ. ಗುರು ಹೋಗಿ ಶಿಷ್ಯ, ಶಿಷ್ಯ ಹೋಗಿ ಅದೇ ಗುರು. ಇಡೀ ದೇಶದ ನಿರೀಕ್ಷೆ ಎರಡು ಹೆಸರುಗಳ ನಡುವೆ ಉಯ್ಯಾಲೆಯಾಡಿತು. ಶ್ರೇಷ್ಠ ಆಟಗಾರನು ಶ್ರೇಷ್ಠ ಗುರುವಾಗಲಾರ ಎಂಬ ಹಳೆಯ ಮಾತನ್ನು ಕೆಲವರು ಇಲ್ಲಿ ಎತ್ತಬಹುದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ; ಹುಟ್ಟುಚುರುಕಿನಿಂದ ಆಡಿದವನಿಗೆ ತಾನು ಮಾಡಿದ್ದನ್ನು ಮಾತಿನಲ್ಲಿ ಬಿಡಿಸಿ ಹೇಳುವುದು ಕಷ್ಟ. ಆದರೆ ಮರಳಿ ಬಂದ ಸ್ಟಾರ್ಕೋವ್ಸ್ ಕೂಡ 2004ರ ಪವಾಡವನ್ನು ಮತ್ತೆ ಮಾಡಿ ತೋರಿಸಲಿಲ್ಲವೆಂಬುದನ್ನು ನೆನೆದರೆ ದೋಷ ವ್ಯಕ್ತಿಯದ್ದಲ್ಲವೆಂಬುದು ಸ್ಪಷ್ಟವಾಗುತ್ತದೆ.

ರಾಷ್ಟ್ರತಂಡದ ತರಬೇತುದಾರನಿಗೆ ಆಟಗಾರರು ದೊರೆಯುವುದು ವರ್ಷದಲ್ಲಿ ಕೆಲವೇ ವಾರ. ಅಷ್ಟರಲ್ಲಿ ಅವನು ಚೆಂಡು ತಡೆಯುವುದನ್ನು ಕಲಿಸಲಾರ. ಕಲಿತು ಬಂದವರನ್ನು ಸಾಲಾಗಿ ನಿಲ್ಲಿಸಬಲ್ಲ, ಅಷ್ಟೆ. ನಮ್ಮ ವೃತ್ತಿಯ ಹೋಲಿಕೆಯಲ್ಲಿ ಹೇಳುವುದಾದರೆ, ಅವನು ದೊಡ್ಡಾಸ್ಪತ್ರೆಯ ತಜ್ಞನಿದ್ದಂತೆ. ರೋಗಿ ಅವನ ಬಳಿಗೆ ಬರುವ ವೇಳೆಗೆ ಆಗಬೇಕಾದ್ದು ಬಹುಪಾಲು ಆಗಿಹೋಗಿರುತ್ತದೆ. ಒಂದು ಜಿಲ್ಲೆಯ ಆರೋಗ್ಯವನ್ನು ನಿಜವಾಗಿ ಕಾಯುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರು, ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆಯರು, ಲಸಿಕೆಯ ಪೆಟ್ಟಿಗೆ ಹೊತ್ತು ಹಳ್ಳಿ ತಲುಪುವವರು. ಅವರಿಲ್ಲದ ಜಿಲ್ಲೆಗೆ ಎಂಥ ಪ್ರಖ್ಯಾತ ಶಸ್ತ್ರವೈದ್ಯನನ್ನು ಕರೆತಂದರೂ ಸಾವಿನ ಸಂಖ್ಯೆ ಇಳಿಯದು. ಅದಕ್ಕಾಗಿ ಆ ಶಸ್ತ್ರವೈದ್ಯನನ್ನು ಬೈಯುವುದೂ ಸಲ್ಲದು.

ಲಾಟ್ವಿಯಾ ಚಿಕ್ಕ ದೇಶ, ಅದರಿಂದ ಇಷ್ಟೇ ಸಾಧ್ಯ ಎಂಬ ಸಮರ್ಥನೆಯನ್ನೂ ನಾವು ಒಪ್ಪುವುದಿಲ್ಲ. ಪಹಾರ್ಸ್ ಅವರ ತಂಡ ಕೊನೆಯ ಸ್ಥಾನ ಪಡೆದ ಅದೇ ಗುಂಪಿನಿಂದ ಐಸ್‌ಲೆಂಡ್ ತಂಡ ಯೂರೋ ಕಪ್ಪಿಗೆ ಅರ್ಹತೆ ಗಳಿಸಿತು. ಲಾಟ್ವಿಯಾದ ಜನಸಂಖ್ಯೆ ಆಗ ಸುಮಾರು 20 ಲಕ್ಷ. ಐಸ್‌ಲೆಂಡಿನದು ಆಗ ಸುಮಾರು ಮೂರೂಕಾಲು ಲಕ್ಷ. 2016ರ ಜೂನ್ 27ರಂದು ನೀಸ್ ನಗರದಲ್ಲಿ ಅದೇ ಐಸ್‌ಲೆಂಡ್ ಇಂಗ್ಲೆಂಡನ್ನು 2–1ರಿಂದ ಸೋಲಿಸಿದ ರಾತ್ರಿಯನ್ನು ಇಲ್ಲಿಯ ನೆರೆಹೊರೆಯವರು ಇನ್ನೂ ಮರೆತಿಲ್ಲ. ಅದರ ಹಿಂದಿದ್ದದ್ದು ಮಂತ್ರವಲ್ಲ. ಆ ದೇಶ 2000ದ ಆಸುಪಾಸಿನಿಂದ ಚಳಿಗಾಲದಲ್ಲಿಯೂ ಆಡಲಾಗುವಂತೆ ಚಾವಣಿಯುಳ್ಳ ಅಂಗಳಗಳನ್ನು ಕಟ್ಟಿತು. ಮಕ್ಕಳಿಗೆ ಕಲಿಸುವವರನ್ನೇ ಮೊದಲು ಶಾಸ್ತ್ರೀಯವಾಗಿ ಕಲಿಸಿ, ಅರ್ಹತಾಪತ್ರ ಕೊಟ್ಟು, ಊರೂರಿನ ಕ್ಲಬ್ಬುಗಳಲ್ಲಿ ನೆಲೆಗೊಳಿಸಿತು. ಸ್ವೀಡನ್ನಿನ ಲಾರ್ಸ್ ಲಾಗರ್‌ಬ್ಯಾಕ್ ಅವರ ಜೊತೆಗೆ ಆ ತಂಡವನ್ನು ಮುನ್ನಡೆಸಿದ ಹೈಮಿರ್ ಹಾಲ್‌ಗ್ರಿಮ್ಸನ್ ವೃತ್ತಿಯಿಂದ ದಂತವೈದ್ಯರು. ಪುಟ್ಟ ದ್ವೀಪವೊಂದರಲ್ಲಿ ಹಲ್ಲಿನ ಚಿಕಿತ್ಸೆ ಮಾಡುತ್ತಲೇ ಆಟ ಕಲಿಸಿ ಮೇಲೆ ಬಂದವರು. ಪ್ರೀಮಿಯರ್ ಲೀಗಿನಲ್ಲಿ ಅವರು ಒಂದು ಪಂದ್ಯವನ್ನೂ ಆಡಿದವರಲ್ಲ.

ಹಾಗಾದರೆ ತಾರೆಯರಿಂದ ಪ್ರಯೋಜನವೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ರೀಗಾದ ಹುಡುಗನೊಬ್ಬ ಓಲ್ಡ್ ಟ್ರಾಫರ್ಡಿನಲ್ಲಿ ಗೋಲು ಹೊಡೆದನೆಂಬ ಸುದ್ದಿ ಆ ನಾಡಿನ ಎಷ್ಟೋ ಮಕ್ಕಳಿಗೆ ಚೆಂಡು ಹಿಡಿಯುವ ಆಸೆ ಹುಟ್ಟಿಸಿರಬೇಕು. ಆದರೆ ಆಸೆ ಹುಟ್ಟಿದ ಮರುದಿನ ಆ ಮಗುವಿಗೆ ಒಂದು ಅಂಗಳ ಬೇಕು, ಸಂಜೆ ತಪ್ಪದೆ ಬರುವ ಒಬ್ಬ ಮೇಷ್ಟ್ರು ಬೇಕು. ಬತ್ತಿಗೆ ಕಿಡಿ ತಾಗಿಸುವವರು ಹಲವರು ಸಿಕ್ಕಾರು. ದಿನವೂ ಎಣ್ಣೆ ಹೊಯ್ಯುವವರು ಸಿಗುವುದು ಅಪರೂಪ.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳದತ್ತ ನೋಡದಿರುವುದು ಪ್ರಾಮಾಣಿಕತೆಯಾಗದು. ಹೊರನಾಡ ಕನ್ನಡಿಗರಲ್ಲಿ, ಅದರಲ್ಲಿಯೂ ನಮ್ಮ ವೈದ್ಯಬಂಧುಗಳಲ್ಲಿ, ಒಂದು ಮಾತು ಆಗಾಗ ಕೇಳಿಬರುತ್ತದೆ: ನಿವೃತ್ತಿಯಾದ ಮೇಲೆ ಊರಿಗೆ ಮರಳಿ ಒಂದು ಆಸ್ಪತ್ರೆ ಕಟ್ಟುತ್ತೇವೆ, ಒಂದು ಶಾಲೆ ತೆರೆಯುತ್ತೇವೆ. ಆಶಯ ದೊಡ್ಡದು; ಅದನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಆದರೆ ಅದರ ಅಡಿಯಲ್ಲಿ ಅದೇ ವೀರನ ಕಲ್ಪನೆ ಅಡಗಿದೆ. ಊರಿನಲ್ಲಿಯೇ ಉಳಿದು ಮೂವತ್ತು ವರ್ಷ ದುಡಿದ ದಾದಿಗೆ, ಮೇಷ್ಟ್ರಿಗೆ ಈ ಹೊತ್ತು ಏನು ಬೇಕೆಂದು ಕೇಳಿ ಅದನ್ನು ಒದಗಿಸುವುದು ಕಟ್ಟಡಕ್ಕಿಂತ ಚಿಕ್ಕ ಕೆಲಸವಾಗಿ ಕಂಡೀತು. ಫಲ ಮಾತ್ರ ದೊಡ್ಡದು.

ನಮ್ಮ ಸಂಘಗಳ ಮಾತೂ ಹಾಗೆಯೇ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಗಾಯಕರನ್ನು, ಚಿತ್ರತಾರೆಯರನ್ನು ಕರೆಸಿ ಶಾಲು ಹೊದಿಸುತ್ತೇವೆ, ಸಂತೋಷ. ವಾರಾಂತ್ಯದಲ್ಲಿ ಬಾಡಿಗೆ ಕೊಠಡಿಯಲ್ಲಿ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಕಾಗುಣಿತ ತಿದ್ದಿಸುವ ತಾಯಂದಿರಿಗೆ ಬಿಳಿಹಲಗೆಯ ಲೇಖನಿಯ ಖರ್ಚನ್ನೂ ಅವರವರ ಕೈಯಿಂದಲೇ ಹಾಕಿಸುತ್ತೇವೆ. ಕನ್ನಡ ಈ ನೆಲದಲ್ಲಿ ಇನ್ನೊಂದು ತಲೆಮಾರು ಉಳಿದರೆ ಅದು ಉಳಿಯುವುದು ಆ ಕೊಠಡಿಯಿಂದ. ಉತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಕನ್ನಡ ಕಲಿಸುವವರ ತರಬೇತಿಗೆ, ಪುಸ್ತಕಕ್ಕೆ, ಕೊಠಡಿಯ ಬಾಡಿಗೆಗೆ ಪ್ರತಿವರ್ಷ ಮೊದಲೇ ತೆಗೆದಿರಿಸಬೇಕೆಂಬುದು ನಮ್ಮ ಸ್ಪಷ್ಟ ಸಲಹೆ. ಉಳಿದ ಹಣದಲ್ಲಿ ತಾರೆಯರು ಬರಲಿ.

ಮಕ್ಕಳನ್ನು ಫುಟ್‌ಬಾಲಿಗೆ ಕಳುಹಿಸುವ ತಂದೆತಾಯಿಯರಿಗೂ ವೈದ್ಯರಾಗಿ ಒಂದು ಮಾತು. ಬೆಳೆಯುವ ಮೂಳೆಗೆ ವಿಶ್ರಾಂತಿ ಬೇಕು. ಎಳವೆಯಲ್ಲಿಯೇ ಒಂದೇ ಆಟಕ್ಕೆ ಕಟ್ಟಿಹಾಕದೆ ಹಲವು ಆಟಗಳನ್ನು ಆಡಲು ಬಿಡಿ. ಉಳುಕಿದ ಕಾಲು ಪೂರ್ತಿ ವಾಸಿಯಾಗುವ ಮೊದಲು ಮುಖ್ಯ ಪಂದ್ಯವೆಂಬ ಕಾರಣಕ್ಕೆ ಅಂಗಳಕ್ಕೆ ಇಳಿಸಬೇಡಿ. ಮೊದಲ ಉಳುಕಿಗೆ ಸರಿಯಾದ ವ್ಯಾಯಾಮ ಚಿಕಿತ್ಸೆ ದೊರೆತರೆ ಮುಂದಿನ ಉಳುಕುಗಳು ಎಷ್ಟೋ ತಪ್ಪುತ್ತವೆ. ಮಗುವಿಗೆ ಕಲಿಸುತ್ತಿರುವ ಸ್ವಯಂಸೇವಕ ತರಬೇತುದಾರರ ಹೆಸರನ್ನು ತಿಳಿದುಕೊಳ್ಳಿ. ಪಂದ್ಯ ಮುಗಿದ ಮೇಲೆ ಅವರಿಗೊಂದು ವಂದನೆ ಹೇಳುವುದನ್ನು ಮಗುವಿಗೆ ಕಲಿಸಿ.

ಪಹಾರ್ಸ್ ಅವರನ್ನು ಸೌತಾಂಪ್ಟನ್ನಿನ ಹಳೆಯ ಅಭಿಮಾನಿಗಳು ಎವರ್ಟನ್ ಎದುರಿನ ಆ ಎರಡು ಗೋಲುಗಳಿಗಾಗಿ ನೆನೆಯುತ್ತಾರೆ. ನೆನೆಯಲಿ. ಗೌರವಕ್ಕೆ ಅವರ ಎರಡನೆಯ ಅಧ್ಯಾಯವೂ ಅಷ್ಟೇ ಅರ್ಹವೆಂದು ನಾವು ಭಾವಿಸುತ್ತೇವೆ. ಗೆಲುವಿನ ಭರವಸೆಯಿಲ್ಲದ ಕೆಲಸಕ್ಕೆ ತಾಯ್ನಾಡಿಗೆ ಮರಳಿ ಹೆಗಲು ಕೊಟ್ಟವರು ಅವರು. ಆ ಹೆಗಲಿನ ಪಕ್ಕದಲ್ಲಿ ಇರಬೇಕಾಗಿದ್ದ ನೂರಾರು ಹೆಗಲುಗಳನ್ನು ಅವರ ನಾಡು ಸಕಾಲದಲ್ಲಿ ಸಿದ್ಧಪಡಿಸಿರಲಿಲ್ಲ.